ಸಂಗ್ರಹದ ಗೊಂಬೆ: ಕೇಳುವ ಬೆಲೆಯಲ್ಲ, ಮಾರಾಟವಾದ ಬೆಲೆ ನೋಡಿ

ಸೀಮಿತ ಆವೃತ್ತಿಯ ಬಾರ್ಬಿಯಂತಹ ಗೊಂಬೆಯನ್ನು ಕೊಳ್ಳುವ ಅಥವಾ ಮಾರುವ ಮೊದಲು ಇಬೇ ಎಂಬ ಆನ್‌ಲೈನ್ ಮಾರಾಟ ತಾಣದಲ್ಲಿ ಅದರ ಹೆಸರನ್ನೂ ವರ್ಷವನ್ನೂ ಹಾಕಿ ಹುಡುಕಿ, ‘ಸೋಲ್ಡ್ ಐಟಮ್ಸ್’ ಎಂಬ ಫಿಲ್ಟರ್ ಒತ್ತಿ, ಈಗಾಗಲೇ ಮಾರಾಟವಾದವುಗಳ ಬೆಲೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಮಾರುವವರು ಕೇಳುವ ಬೆಲೆ ಅವರ ನಿರೀಕ್ಷೆ ಮಾತ್ರ. ಕೊಂಡವರು ತೆತ್ತ ಹಣವೇ ನಿಜವಾದ ಬೆಲೆ. ಕ್ರಿಸ್‌ಮಸ್ ಕಾಲಕ್ಕೆಂದು ವರ್ಷ ವರ್ಷವೂ ಬರುವ ಹಾಲಿಡೇ ಬಾರ್ಬಿ ಸರಣಿಯಲ್ಲಿ ಈ ಅಂತರ ಎದ್ದು ಕಾಣುತ್ತದೆ: 1988ರಲ್ಲಿ ಕೆಂಪು ಗೌನಿನಲ್ಲಿ ಬಂದ ಮೊದಲ ಗೊಂಬೆಯನ್ನು ಸಂಗ್ರಾಹಕರು ಇಂದಿಗೂ ಅರಸುತ್ತಾರೆ, ಆದರೆ ಅದರ ಯಶಸ್ಸು ಕಂಡು ತೊಂಬತ್ತರ ದಶಕದಲ್ಲಿ ಭಾರಿ ಸಂಖ್ಯೆಯಲ್ಲಿ ತಯಾರಾದ, ಜನರೂ ಡಬ್ಬಿ ತೆರೆಯದೆ ಜೋಪಾನ ಮಾಡಿಟ್ಟ ಗೊಂಬೆಗಳಿಗೆ, ಡಬ್ಬಿಯ ಮೇಲೆ ‘ಸ್ಪೆಷಲ್ ಎಡಿಷನ್’ ಎಂದು ಅಚ್ಚಾಗಿದ್ದರೂ, ಹೇಳಿಕೊಳ್ಳುವಂತಹ ಬೆಲೆ ಬರಲಿಲ್ಲ. ಹೋಲಿಸುವಾಗ ಡಬ್ಬಿಯ ಸ್ಥಿತಿಯೂ ಒಂದೇ ಆಗಿರಬೇಕು; ನಮ್ಮ ಮಂಗಳೂರು, ಉಡುಪಿಯ ಆಟಿ ತಿಂಗಳ ತೇವಕ್ಕೆ ರಟ್ಟಿನ ಮೂಲೆ ಉಬ್ಬಿ ಬೂಷ್ಟು ಹಿಡಿದ ಡಬ್ಬಿಗೆ ಹೊಸ ಡಬ್ಬಿಯ ಬೆಲೆಯನ್ನು ಯಾರೂ ಕೊಡುವುದಿಲ್ಲ. ಈಗಷ್ಟೇ ಬಿಡುಗಡೆಯಾದ ಗೊಂಬೆಗೂ ತೀರ ಅಪರೂಪದ್ದಕ್ಕೂ ಈ ಉಪಾಯ ನಡೆಯದು: ಒಂದರಲ್ಲಿ ಆರಂಭದ ನೂಕುನುಗ್ಗಲಿನ ಬೆಲೆಯೇ ಕಾಣುತ್ತದೆ, ಇನ್ನೊಂದರಲ್ಲಿ ಹೋಲಿಸಲು ಮಾರಾಟಗಳೇ ಸಿಗುವುದಿಲ್ಲ.