ಮಳೆಗಾಲದಲ್ಲಿ ಚಿಗರಿ ಮತ್ತು ಕರಡಿ: ಕ್ಯಾಮೆರಾ ಹಿಡಿದವನ ಅನುಭವ

ಬೀದರ ಸುತ್ತಮುತ್ತ ಕೃಷ್ಣಮೃಗದ, ಅಂದರೆ ನಮ್ಮ ಕಡೆಯ ಚಿಗರಿಯ, ಛಾಯಾಚಿತ್ರ ತೆಗೆಯುವವರಲ್ಲಿ ಹೆಚ್ಚಿನವರು ಚಳಿಗಾಲಕ್ಕೆ ಕಾಯುತ್ತಾರೆ. ನಾನು ಜೂನಿನ ಮಿರಗದ ಮಳೆ ಬಿದ್ದ ಮೇಲೆ ಹೊರಟು ಸೆಪ್ಟೆಂಬರಿನಲ್ಲಿ ಹುಬ್ಬೆಯ ಮಳೆ ಮುಗಿಯುವವರೆಗೂ ಹೊಲದ ಬದುಗಳ ಮೇಲೆ ಕೂಡುವವನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಚಿಗರಿಯನ್ನಾಗಲಿ ಕರಡಿಯನ್ನಾಗಲಿ ಬೇಟೆಯಾಡುವುದು ಜೈಲಿಗೆ ಕಳಿಸುವ ಅಪರಾಧ. ಆದರೆ ಹಿಂದಿನ ಬೇಟೆಗಾರನಿಗೆ ಬೇಕಾಗಿದ್ದ ಗಾಳಿಯ ಅರಿವು, ಹೆಜ್ಜೆಯ ಓದು ಮತ್ತು ಅಲುಗಾಡದೆ ಕೂಡುವ ಅಭ್ಯಾಸ ಇವು ಮೂರೂ ಕ್ಯಾಮೆರಾ ಹಿಡಿದವನಿಗೂ ಬೇಕು. ಮಳೆ ಬಂದಾಗ ಈ ಮೂರರ ಲೆಕ್ಕವೂ ಬದಲಾಗುತ್ತದೆ. ಚಿಗರಿ ಕಣ್ಣನ್ನು ನಂಬಿ ಬದುಕುವ ಪ್ರಾಣಿ, ಕರಡಿ ಮೂಗನ್ನು ನಂಬಿ ಬದುಕುವ ಪ್ರಾಣಿ. ಒಂದೇ ಮಳೆ ಇವೆರಡರ ವಿಷಯದಲ್ಲಿ ಬೇರೆ ಬೇರೆ ರೀತಿಯಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದುಕೊಂಡ ಮೇಲೆಯೇ ನನ್ನ ಕೆಲಸಕ್ಕೆ ಒಂದು ಕ್ರಮ ಬಂತು.

ನಾನು ಹೆಚ್ಚಾಗಿ ಹೋಗುವುದು ಹೊನ್ನಿಕೇರಿ ಕಾಯ್ದಿಟ್ಟ ಅರಣ್ಯದ ಅಂಚಿಗೆ ಮತ್ತು ವಿಲಾಸಪುರ ಕೆರೆಯ ಕಡೆಗೆ. ಇಲ್ಲಿ ಅರಣ್ಯ, ಬೀಳು ಭೂಮಿ ಮತ್ತು ಸೋಯಾ, ಹೆಸರು, ಉದ್ದು, ತೊಗರಿಯ ಹೊಲಗಳು ಒಂದರೊಳಗೊಂದು ಸೇರಿಕೊಂಡಿರುವುದರಿಂದ ಚಿಗರಿಗಳು ಹಗಲಿನಲ್ಲಿಯೂ ಬಯಲಿನಲ್ಲಿ ಕಾಣಸಿಗುತ್ತವೆ. ಬಿತ್ತಿದ ಬೆಳೆ ಎರಡೆಲೆ ಒಡೆಯುವ ಹೊತ್ತಿನಲ್ಲಿ ಅವು ಮೊಳಕೆಯನ್ನೇ ಮೇಯುವುದರಿಂದ ರೈತರಿಗೂ ಅವುಗಳಿಗೂ ನಡುವೆ ಪ್ರತಿ ವರ್ಷ ಜಗಳವಿದ್ದೇ ಇರುತ್ತದೆ. ಆ ದಿನಗಳಲ್ಲಿ ಕ್ಯಾಮೆರಾ ಹಿಡಿದು ಹೊಲಕ್ಕೆ ಇಳಿಯುವವನು ಮೊದಲು ಹೊಲದವರನ್ನು ಮಾತನಾಡಿಸಬೇಕು, ಬಿತ್ತಿದ ಸಾಲನ್ನು ತುಳಿಯದೆ ಬದುವಿನ ಮೇಲೆಯೇ ನಡೆಯಬೇಕು. ಹಾಗೆ ಮಾಡಿದರೆ ಹಿಂಡು ಬೆಳಿಗ್ಗೆ ಎಲ್ಲಿತ್ತು, ಯಾವ ಕಡೆಗೆ ಹೋಯಿತು ಎಂಬುದನ್ನು ಅವರೇ ಹೇಳುತ್ತಾರೆ. ಈ ಮಾಹಿತಿ ಯಾವ ದುರ್ಬೀನಿನಿಂದಲೂ ಸಿಗುವುದಿಲ್ಲ.

ಹೆಜ್ಜೆ ಓದಲು ಮಳೆಗಾಲಕ್ಕಿಂತ ಒಳ್ಳೆಯ ಕಾಲವಿಲ್ಲ. ಮಳೆ ಹಳೆಯ ಗುರುತುಗಳನ್ನೆಲ್ಲ ಅಳಿಸಿಬಿಡುವುದರಿಂದ ಮಳೆ ನಿಂತ ಹೊತ್ತು ಗೊತ್ತಿದ್ದರೆ ಸಾಕು, ಕಂಡ ಹೆಜ್ಜೆಯ ವಯಸ್ಸು ತಾನಾಗಿಯೇ ತಿಳಿಯುತ್ತದೆ. ಗೊರಸಿನ ಗುರುತಿನ ಒಳಗೆ ಹನಿ ಬಿದ್ದ ಸಣ್ಣ ಸಣ್ಣ ಕುಳಿಗಳಿದ್ದರೆ ಪ್ರಾಣಿ ಮಳೆಗೆ ಮೊದಲೇ ದಾಟಿದೆ ಎಂದರ್ಥ. ಅಂಚು ಚೂಪಾಗಿದ್ದು ತಳ ನುಣ್ಣಗಿದ್ದರೆ ಅದು ಮಳೆ ನಿಂತ ಮೇಲೆ ಹೋಗಿದೆ. ಚಿಗರಿಯ ಗೊರಸು ಕಿರಿದಾಗಿದ್ದು ತುದಿ ಚೂಪಾಗಿರುತ್ತದೆ. ಆಡು ಕುರಿಗಳದ್ದು ಮೊಂಡಾಗಿ ಮೂಡುತ್ತದೆ. ಕಾಡುಹಂದಿಯಾದರೆ ಮೆತ್ತನೆಯ ನೆಲದಲ್ಲಿ ಗೊರಸಿನ ಹಿಂದೆ ಎರಡು ಪಕ್ಕಗೊರಸುಗಳ ಗುರುತೂ ಬೀಳುತ್ತದೆ. ಆದರೆ ಇದೆಲ್ಲವೂ ಬೀದರದ ಕೆಂಪು ಮುರುಮಿನ ಮೇಲೆ ಚೆನ್ನಾಗಿ ನಡೆಯುವ ವಿದ್ಯೆ. ಕಪ್ಪು ಮಣ್ಣಿನ ಎರೆ ಹೊಲದಲ್ಲಿ ಪ್ರಾಣಿ ಕಾಲೆತ್ತುವಾಗ ಮಣ್ಣೂ ಜೊತೆಗೆ ಕಿತ್ತುಕೊಂಡು ಬರುವುದರಿಂದ ಗುರುತು ಅಗಲವಾಗಿ ವಿಕಾರಗೊಳ್ಳುತ್ತದೆ. ಅಲ್ಲಿ ನಾನು ಹೆಜ್ಜೆಯ ಆಕಾರಕ್ಕಿಂತ ಗಂಡು ಚಿಗರಿ ಮತ್ತೆ ಮತ್ತೆ ಒಂದೇ ಕಡೆ ಹಾಕುವ ಹಿಕ್ಕೆಯ ರಾಶಿಯನ್ನು ಹೆಚ್ಚು ನಂಬುತ್ತೇನೆ. ಹಿಕ್ಕೆ ಹೊಸದಾಗಿದ್ದರೆ ಆ ಗಂಡಿನ ಎಲ್ಲೆ ಅಲ್ಲಿಯೇ ಇದೆ, ಅದು ಮರಳಿ ಬಂದೇ ಬರುತ್ತದೆ.

ಸಮೀಪಿಸುವ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟ್ಟುನಿಟ್ಟಾದದ್ದು. ಚಿಗರಿಯ ಹತ್ತಿರಕ್ಕೆ ಹೋಗಬಾರದು, ಅದು ಬರುವ ಕಡೆ ಮೊದಲೇ ಹೋಗಿ ಕೂಡಬೇಕು. ಬಯಲಿನಲ್ಲಿ ನಿಂತ ಮನುಷ್ಯನ ಆಕೃತಿಯನ್ನು ಅದು ಬಹಳ ದೂರದಿಂದಲೇ ಗುರುತಿಸುತ್ತದೆ. ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಪ್ರಾಣಿಯನ್ನು ಬೆನ್ನಟ್ಟಿ ಚಿತ್ರ ತೆಗೆಯುತ್ತೇನೆ ಎನ್ನುವುದು ಹುಚ್ಚುತನ. ದಿನವೂ ಕಾಣುವ ಟ್ರ್ಯಾಕ್ಟರು, ಎತ್ತಿನ ಬಂಡಿ, ಕಂಬಳಿ ಹೊದ್ದ ಕುರಿಗಾಹಿ ಇವು ಅದಕ್ಕೆ ಅಪಾಯವಾಗಿ ಕಾಣುವುದಿಲ್ಲ. ಆದ್ದರಿಂದ ನಾನೂ ಪ್ಲಾಸ್ಟಿಕ್ ರೇನ್‌ಕೋಟು ಬಿಟ್ಟು ಕಂಬಳಿ ಹೊದ್ದು ಕೂಡುತ್ತೇನೆ. ರೇನ್‌ಕೋಟಿನ ಮೇಲೆ ಹನಿ ಬಿದ್ದಾಗ ಆಗುವ ಪಟಪಟ ಸದ್ದೂ ಅದರ ಹೊಳಪೂ ಹಿಂಡನ್ನು ಎಚ್ಚರಿಸುತ್ತವೆ. ಕಂಬಳಿ ಒದ್ದೆಯಾದರೂ ಸದ್ದು ಮಾಡುವುದಿಲ್ಲ, ಮೈಯನ್ನು ಬೆಚ್ಚಗೂ ಇಡುತ್ತದೆ. ತೂಕ ಮಾತ್ರ ಹೆಚ್ಚಾಗುತ್ತದೆ, ವಾಸನೆಯನ್ನು ಮನೆಯವರು ಸಹಿಸಬೇಕಾಗುತ್ತದೆ.

ಜಿಟಿಜಿಟಿ ಮಳೆಯಲ್ಲಿ ಚಿಗರಿಗಳು ಮೇಯುತ್ತಲೇ ಇರುತ್ತವೆ. ಜೋರು ಮಳೆ ಹೊಯ್ದಾಗ ಬಾಲದ ಕಡೆಯನ್ನು ಗಾಳಿಗೆ ಕೊಟ್ಟು, ತಲೆ ತಗ್ಗಿಸಿ ನಿಂತುಬಿಡುತ್ತವೆ. ಜಾಗ ಹಿಡಿದು ಕೂಡಲು ಅದೇ ತಕ್ಕ ಹೊತ್ತು. ಒಳ್ಳೆಯ ಚಿತ್ರ ಸಿಗುವುದು ಮಳೆ ನಿಂತ ಕೂಡಲೇ ಬರುವ ಸ್ವಲ್ಪ ಅವಧಿಯಲ್ಲಿ. ಆಗ ಅವು ಮೈ ಕೊಡವುತ್ತವೆ, ಮರಿಗಳು ಸುಮ್ಮಸುಮ್ಮನೆ ನೆಗೆದಾಡುತ್ತವೆ. ಆಗಸ್ಟ್ ತಿಂಗಳಿನಿಂದ ಮುಂದೆ ಬೆದೆಯ ಕಾಲವೂ ಕೂಡಿಬಂದರೆ ಕರಿಯ ಗಂಡು ಮೂತಿಯನ್ನು ಮೇಲೆತ್ತಿ, ಕೊಂಬನ್ನು ಬೆನ್ನಿಗೆ ಒರಗಿಸಿ, ಬಾಲವನ್ನು ಸುರುಳಿ ಮಾಡಿಕೊಂಡು ಹೆಣ್ಣಿನ ಮುಂದೆ ಬಿಂಕದಿಂದ ನಡೆಯುವುದನ್ನು ಕಾಣಬಹುದು. ಮೋಡದ ಬೆಳಕಿನಲ್ಲಿ ಕಪ್ಪು ಬೆನ್ನು ಮತ್ತು ಬಿಳಿಯ ಹೊಟ್ಟೆ ಎರಡರ ವಿವರವೂ ಉಳಿಯುತ್ತದೆ. ಬಿಸಿಲಿನಲ್ಲಿ ಇದು ಸಾಧ್ಯವಿಲ್ಲ. ಕಪ್ಪು ಮೈ ಚೌಕಟ್ಟನ್ನು ತುಂಬಿಕೊಂಡಾಗ ಕ್ಯಾಮೆರಾ ಮೋಸಹೋಗಿ ಚಿತ್ರವನ್ನು ಹೆಚ್ಚು ಬೆಳಗಿಸುತ್ತದೆ. ಆದ್ದರಿಂದ ನಾನು ಬೆಳಕನ್ನು ಸ್ವಲ್ಪ ತಗ್ಗಿಸಿಕೊಳ್ಳುತ್ತೇನೆ. ಪ್ರಾಣಿ ಬೂದು ಆಕಾಶದ ಎದುರು ದಿಬ್ಬದ ಮೇಲೆ ನಿಂತಿದ್ದರೆ ಇದಕ್ಕೆ ವಿರುದ್ಧವಾಗಿ ಹೆಚ್ಚಿಸುತ್ತೇನೆ. ಮಳೆಯ ಗೆರೆಗಳು ಕಾಣಬೇಕೆಂದರೆ ಶಟರಿನ ವೇಗವನ್ನು ಸೆಕೆಂಡಿನ 1/125ರ ಆಸುಪಾಸಿಗೆ ಇಳಿಸಬೇಕು, ಹನಿಗಳು ಗಾಳಿಯಲ್ಲಿ ನಿಂತಂತೆ ಕಾಣಬೇಕೆಂದರೆ 1/1000ಕ್ಕಿಂತ ಮೇಲೆ ಏರಿಸಬೇಕು. ಲೆನ್ಸನ್ನು ನೆಲಕ್ಕೆ ಒರಗಿಸಲು ಧಾನ್ಯ ತುಂಬಿದ ಚೀಲವನ್ನು ಬಳಸುವವರಿದ್ದಾರೆ. ಮಳೆಗಾಲದಲ್ಲಿ ತೊಗರಿ ತುಂಬಿದ ಚೀಲ ಮೊಳಕೆ ಒಡೆಯುತ್ತದೆ, ಥರ್ಮೋಕೋಲಿನ ಗುಳಿಗೆಗಳೇ ಉತ್ತಮ.

ಒಂದು ನಿಯಮವನ್ನು ನಾನು ಯಾವ ಚಿತ್ರದ ಆಸೆಗೂ ಮುರಿಯುವುದಿಲ್ಲ. ಹಸಿ ಎರೆ ಹೊಲದಲ್ಲಿ ಚಿಗರಿಯನ್ನು ಓಡುವಂತೆ ಮಾಡಬಾರದು. ಒಣ ನೆಲದಲ್ಲಿ ನಾಯಿಗೆ ಸಿಗದ ಈ ಪ್ರಾಣಿಯ ಚೂಪು ಗೊರಸು ನೆನೆದ ಎರೆಯಲ್ಲಿ ಹೂತುಹೋಗುತ್ತದೆ, ಕಾಲಿಗೆ ರಾಡಿ ಮೆತ್ತಿಕೊಂಡು ನೆಗೆತವೇ ನಿಂತುಹೋಗುತ್ತದೆ. ಬೀದಿನಾಯಿಗಳ ಹಿಂಡು ಅದನ್ನು ಹಿಡಿಯುವುದು ಆಗಲೇ. ಹಾಗೆಯೇ ಹುಟ್ಟಿದ ಮೊದಲ ದಿನಗಳಲ್ಲಿ ಮರಿ ತಾಯಿಯ ಜೊತೆ ಓಡದೆ ಹುಲ್ಲಿನೊಳಗೆ ಅಡಗಿ ಮಲಗಿರುತ್ತದೆ. ಒಂಟಿ ಹೆಣ್ಣೊಂದು ದೂರ ಹೋಗದೆ ಒಂದೇ ಜಾಗದ ಸುತ್ತ ಸುಳಿಯುತ್ತಿದ್ದರೆ ನಾನು ಆ ಹುಲ್ಲಿಗೆ ಕಾಲಿಡದೆ ಹಿಂದಿರುಗುತ್ತೇನೆ.

ಕರಡಿಗಾಗಿ ನಾನು ಹಂಪಿಯ ಸಮೀಪದ ದರೋಜಿಗೆ ಹೋಗುತ್ತೇನೆ. 1994ರಲ್ಲಿ ಘೋಷಣೆಯಾದ ಈ ಧಾಮದಲ್ಲಿ ಮಧ್ಯಾಹ್ನದ ಮೇಲೆ ವೀಕ್ಷಣಾ ಗೋಪುರದಿಂದ ಕರಡಿಗಳನ್ನು ನೋಡಬಹುದು. ಸಿಬ್ಬಂದಿ ಬಂಡೆಗಳ ಮೇಲೆ ಸವರುವ ಬೆಲ್ಲದ ಪಾಕಕ್ಕೆ ಅವು ಗವಿಗಳಿಂದ ಇಳಿದು ಬರುತ್ತವೆ. ಮಳೆ ಹೊಯ್ದರೆ ಪಾಕ ತೊಳೆದುಹೋಗುತ್ತದೆ, ಅಂದು ಕರಡಿ ಬಂದರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆದರೆ ನೆನೆದು ಮೆತ್ತಗಾದ ಹುತ್ತವನ್ನು ಅದು ತನ್ನ ಉದ್ದನೆಯ ಉಗುರುಗಳಿಂದ ಅಗೆದು, ಮೂತಿ ಇಟ್ಟು ಗೆದ್ದಲನ್ನು ಹೀರುವ ದೃಶ್ಯ ಬಂಡೆಯ ಮೇಲಿನ ಬೆಲ್ಲ ನೆಕ್ಕುವ ದೃಶ್ಯಕ್ಕಿಂತ ಎಷ್ಟೋ ಮೇಲು. ಕರಡಿಗೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿಲ್ಲ. ಆ ಸಂದಿನಿಂದ ಗಾಳಿಯನ್ನು ಎಳೆದುಕೊಂಡು ಹೀರುವ ಸದ್ದು ಶಾಂತವಾದ ಸಂಜೆಯಲ್ಲಿ ದೂರಕ್ಕೂ ಕೇಳಿಸುತ್ತದೆ.

ಗೋಪುರದಿಂದ ಕೆಳಗಿಳಿದು ನಡೆಯುವವರಿಗೆ ಮಳೆ ಅಪಾಯ ತರುವುದೂ ಇಲ್ಲಿಯೇ. ಕರಡಿಯ ದೃಷ್ಟಿ ಮಂದ, ಕಿವಿಯೂ ಅಷ್ಟೇನೂ ಚುರುಕಲ್ಲ. ಅದಕ್ಕೆ ಮನುಷ್ಯನ ಸುಳಿವು ಸಿಗುವುದು ಮೂಗಿನಿಂದ. ಎದುರುಗಾಳಿಯಲ್ಲಿ ನಡೆಯುವವನ ವಾಸನೆ ಅದಕ್ಕೆ ಮುಟ್ಟುವುದಿಲ್ಲ, ಮಳೆಯ ಸದ್ದಿನಲ್ಲಿ ಅವನ ಹೆಜ್ಜೆಯ ಸಪ್ಪಳವೂ ಅದಕ್ಕೆ ಕೇಳುವುದಿಲ್ಲ, ಅದು ಹೀರುವ ಸದ್ದು ಅವನಿಗೂ ಕೇಳುವುದಿಲ್ಲ. ಹೀಗೆ ಪೊದೆಯ ತಿರುವಿನಲ್ಲಿ ಇಬ್ಬರೂ ಎದುರಾಬದುರಾದರೆ ಬೆಚ್ಚಿದ ಕರಡಿ ಓಡುವ ಬದಲು ಮೇಲೆ ಬೀಳುತ್ತದೆ. ಚಿಗರಿಗಾಗಿ ಸದ್ದಿಲ್ಲದೆ ಕೂಡುವ ನಾನು ಕರಡಿ ಇರುವ ಗುಡ್ಡಗಳ ಬಳಿ ಇಲಾಖೆಯ ಕಾವಲುಗಾರರ ಜೊತೆಗೆ ಗಟ್ಟಿಯಾಗಿ ಮಾತನಾಡುತ್ತ, ಕೋಲಿನಿಂದ ಕಲ್ಲಿಗೆ ತಟ್ಟುತ್ತ ನಡೆಯುತ್ತೇನೆ. ಬರಿಗಾಲಿನ ಮನುಷ್ಯನ ಹೆಜ್ಜೆಯಂತಿದ್ದು ಬೆರಳುಗಳ ಮುಂದೆ ಉಗುರಿನ ತೂತುಗಳಿರುವ ಗುರುತು ಹೊಸದಾಗಿ ಕಂಡರೆ ಅಂದಿನ ನಡಿಗೆಯನ್ನು ಅಲ್ಲಿಗೇ ಮುಗಿಸುವುದು ಲೇಸು.

ಕಲಬುರಗಿ ಜಿಲ್ಲೆಯ ಚಿಂಚೋಳಿ ವನ್ಯಜೀವಿ ಧಾಮಕ್ಕೂ ಮಳೆಗಾಲದಲ್ಲಿ ಇಲಾಖೆಯ ಅನುಮತಿ ಪಡೆದು ಹೋಗಿದ್ದೇನೆ. ಅಲ್ಲಿಯ ಎಲೆಯುದುರುವ ಕಾಡು ಆಗ ದಟ್ಟವಾಗಿ ಹಸಿರಾಗುವುದರಿಂದ ನಾಲ್ಕು ಕೊಂಬಿನ ಕೊಂಡುಕುರಿಯ ಹಿಕ್ಕೆ ಕಂಡರೂ ಪ್ರಾಣಿ ಕಾಣುವುದು ಅಪರೂಪ. ಚಿತ್ರಕ್ಕಾಗಿ ಹೋಗುವವರು ಬೇಸಿಗೆಗೆ ಹೋಗುವುದೇ ಸರಿ.

ಗುಡುಗು ಶುರುವಾದರೆ ನಾನು ಕೂತ ಜಾಗವನ್ನು ಬಿಟ್ಟು ಗಾಡಿಯೊಳಗೆ ಸೇರುತ್ತೇನೆ. ನಮ್ಮ ಬಯಲಿನಲ್ಲಿ ಒಂಟಿ ಬೇವಿನ ಮರದ ಕೆಳಗೆ ನಿಲ್ಲುವುದು ಸಿಡಿಲನ್ನು ಕರೆದಂತೆ. ಮನೆಗೆ ಬಂದ ಮೇಲೆ ಕ್ಯಾಮೆರಾವನ್ನು ಒಣ ಬಟ್ಟೆಯಿಂದ ಒರೆಸಿ, ಲೆನ್ಸನ್ನು ಬಿಚ್ಚಿ, ಬ್ಯಾಟರಿಯನ್ನು ತೆಗೆದು ಫ್ಯಾನಿನ ಗಾಳಿಗೆ ಇಟ್ಟ ಬಳಿಕವೇ ಸಿಲಿಕಾ ಜೆಲ್ ಇರುವ ಡಬ್ಬಿಗೆ ಸೇರಿಸುತ್ತೇನೆ. ಒದ್ದೆ ಚೀಲದಲ್ಲಿಯೇ ಬಿಟ್ಟ ಲೆನ್ಸಿನ ಗಾಜಿಗೆ ಬೂಷ್ಟು ಹಿಡಿಯುತ್ತದೆ, ಹಿಡಿದ ಮೇಲೆ ಅದನ್ನು ತೆಗೆಸುವ ಖರ್ಚು ಹೊಸ ಲೆನ್ಸಿನ ಬೆಲೆಯನ್ನು ನೆನಪಿಸುವಷ್ಟು ಆಗುತ್ತದೆ. ಅಕ್ಕಿಯ ಡಬ್ಬಿಯಲ್ಲಿ ಹೂತಿಡುವ ಉಪಾಯವನ್ನು ಹಲವರು ಹೇಳುತ್ತಾರೆ. ಅದರಿಂದ ತೇವ ಹೋಗುವುದಕ್ಕಿಂತ ಹೆಚ್ಚಾಗಿ ಅಕ್ಕಿಯ ಹುಡಿ ಲೆನ್ಸಿನ ಸಂದಿಗಳಿಗೆ ಸೇರುತ್ತದೆ.