ದಿನಕ್ಕೆ ನಾಲ್ಕು ಗಂಟೆ ಕ್ಲಚ್: ನನ್ನ ಅನುಭವ

ದಿನಕ್ಕೆ ಅರ್ಧ ಗಂಟೆ, ಒಂದು ತಿಂಗಳು. ಪುಣೆಯಲ್ಲಿ ಹೆಚ್ಚಿನವರು ಕಾರು ಕಲಿಯುವುದು ಹೀಗೇ. ನಾನೂ 5,500 ರೂಪಾಯಿ ಕೊಟ್ಟು ಡ್ರೈವಿಂಗ್ ಕ್ಲಾಸ್ ಸೇರಿದೆ, ಏನೂ ಬರಲಿಲ್ಲ. ಕ್ಲಾಸಿನ ಕಾರಿನಲ್ಲಿ ಮಾಸ್ತರರ ಕಾಲಡಿಯಲ್ಲೂ ಕ್ಲಚ್ಚು ಬ್ರೇಕು ಇರುತ್ತವಲ್ಲ, ಓಡಿಸಿದ್ದೆಲ್ಲ ಅವರೇ, ನಾನು ಸುಮ್ನೆ ಸ್ಟೇರಿಂಗ್ ಹಿಡಿದು ಕೂತಿದ್ದೆ. ಮುಂದಿನವರನ್ನು ಮನೆಯಿಂದ ಹತ್ತಿಸಿಕೊಳ್ಳುವುದರಲ್ಲೇ ಹತ್ತು ನಿಮಿಷ ಹೋಗುತ್ತಿತ್ತು.

ಆಮೇಲೆ ಹಳೇ ವ್ಯಾಗನಾರ್ ಕೊಂಡು, ಎರಡು ವಾರ ರಜೆ ಹಾಕಿ, ದಿನಕ್ಕೆ ನಾಲ್ಕು ಗಂಟೆ ಕಲಿಸಿ ಅಂತ ಒಬ್ಬ ಕಾಕಾರನ್ನು ಗೊತ್ತು ಮಾಡಿದೆ. ಸೊಲ್ಲಾಪುರದ ಭಾವ ನಕ್ಕರು. "ಎರಡು ವಾರದಾಗ ಬರೂದಿಲ್ಲೋ, ಸುಮ್ಮನ ರೊಕ್ಕ ಹಾಳ ಮಾಡಬ್ಯಾಡ." ಆದರೆ ಲೆಕ್ಕ ನೋಡಿ: ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಿಗೆ 2021ರ ನಿಯಮ ಹೇಳುವುದು 29 ಗಂಟೆ, ಅದರಲ್ಲಿ ಓಡಿಸುವುದೇ 21. ಅರ್ಧರ್ಧ ಗಂಟೆ ಕೂಡಿಸಿದರೆ ತಿಂಗಳಿಗೆ 15 ದಾಟಲ್ಲ, ಅಲ್ವಾ?

ಗಂಟೆಗೆ 300, ಪೆಟ್ರೋಲ್ ಸೇರಿ 20,000ದ ಹತ್ತಿರ ಹೋಯಿತು. ನಾಲ್ಕು ಗಂಟೆ ಒಟ್ಟಿಗೆ ಓಡಿಸುವುದು ನಡೆಯಲಿಲ್ಲ. ಎರಡು ಗಂಟೆ ಆದಮೇಲೆ ಎಡ ಮಂಡಿ ನಡುಗಿ ಗಾಡಿ ಬಂದ್ ಬೀಳುತ್ತಿತ್ತು. ಹಾಗಾಗಿ ಬೆಳಿಗ್ಗೆ ಕಾತ್ರಜ್ ಹಳೇ ಘಾಟ್, ಮಧ್ಯಾಹ್ನ ನಿದ್ದೆ, ಸಂಜೆ ಸ್ವಾರಗೇಟ್ ಟ್ರಾಫಿಕ್.

ಘಾಟಿನಲ್ಲೇ ನನಗೆ ಬಂದದ್ದು. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಆಕ್ಸಿಲರೇಟರ್ ಮುಟ್ಟದೆ, ಕ್ಲಚ್ ಬಿಡುತ್ತಾ ಬರಬೇಕು. ಎಂಜಿನ್ ಸದ್ದು ದಪ್ಪಗಾಗುತ್ತದೆ, ಬಾನೆಟ್ ಒಂಚೂರು ಮೇಲೇಳುತ್ತದೆ. ಪಾದ ಅಲ್ಲೇ ನಿಲ್ಲಬೇಕು, ಅದೇ ಹಾಫ್ ಕ್ಲಚ್. ಕಾಕಾ ಪಕ್ಕದಲ್ಲಿ ಮರಾಠಿಯಲ್ಲಿ "ಹಳೂ ಸೋಡಾ, ಹಳೂ" (ನಿಧಾನ ಬಿಡಿ, ನಿಧಾನ) ಅನ್ನುತ್ತಲೇ ಇದ್ದರು. ಬೆಳಿಗ್ಗೆ ಪೂರ್ತಿ ಇದೊಂದೇ. ಸಂಜೆಯೂ ಅದೇ ಕಾಲು ಅದೇ ಕೆಲಸ ಮಾಡಿದರೆ ಅಭ್ಯಾಸ ಕೂತುಬಿಡುತ್ತದೆ, ದಿನಕ್ಕೆ ಅರ್ಧ ಗಂಟೆ ಅಂದರೆ ಮರುದಿನ ಮತ್ತೆ ಮೊದಲಿಂದ. ಕ್ಲಚ್ ಪ್ಲೇಟ್ ಸುಟ್ಟು ಇನ್ನೊಂದು ಆರೇಳು ಸಾವಿರ ಬಿತ್ತು, ಭಾವನಿಗೆ ಅದನ್ನು ಹೇಳಿಲ್ಲ.

ನಡುವೆ ಚಪ್ಪಲಿ ಶೂಗಳ ಪ್ರಯೋಗವೂ ಆಯಿತು. ದಪ್ಪ ಅಟ್ಟೆಯ ಸ್ಪೋರ್ಟ್ಸ್ ಶೂನಲ್ಲಿ ಹಾಫ್ ಕ್ಲಚ್ ಗೊತ್ತೇ ಆಗಲ್ಲ, ಬರಿಗಾಲು ಬೆವರಿಗೆ ಜಾರುತ್ತದೆ, ತೆಳ್ಳನೆ ಕ್ಯಾನ್ವಾಸ್ ಶೂ ಹಾಕಿದ ದಿನವೇ ಹಿಡಿತ ಸಿಕ್ಕಿತು. ರಿವರ್ಸ್‌ಗೆ ಸೊಸೈಟಿ ಪಾರ್ಕಿಂಗಿನಲ್ಲಿ ನೀರಿನ ಬಾಟಲಿ ಸಾಲಾಗಿ ಇಟ್ಟಿದ್ದೆ. ಗುರುತಿಗೆ ಅಂತ ಎಡಗನ್ನಡಿಯ ಮೇಲೆ ಟೇಪ್ ಎಲ್ಲಿ ಅಂಟಿಸಿದ್ದೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಟೆಸ್ಟ್ ಒಂದೇ ಸಲಕ್ಕೆ ಪಾಸ್. ಏರಿನ ಮೇಲೆ ನಿಲ್ಲಿಸಿ ಹೊರಡುವಾಗ ಗಾಡಿ ಒಂದಿಂಚೂ ಹಿಂದೆ ಜಾರಲಿಲ್ಲ. ಲರ್ನರ್ ಲೈಸೆನ್ಸ್ ಸಿಕ್ಕ ಮೇಲೆ 30 ದಿನ ಹೇಗೂ ಕಾಯಲೇಬೇಕು, ಕ್ಲಾಸನ್ನು ಅದರ ಕೊನೇ ಎರಡು ವಾರಕ್ಕೇ ಇಟ್ಟುಕೊಳ್ಳಿ. ಮೊದಲೇ ಮುಗಿಸಿ ಕೂತರೆ ಟೆಸ್ಟ್ ಹೊತ್ತಿಗೆ ಕಾಲು ಮರೆತಿರುತ್ತದೆ.