ಕಾಗದ ತೆಗೆದರೂ ‘ಪೇಪರ್ ಜಾಮ್’ ಹೋಗದಿದ್ದರೆ

ಸಿಕ್ಕಿಕೊಂಡ ಕಾಗದ ತೆಗೆದಾಯಿತು, ಬಾಗಿಲು ಮುಚ್ಚಿದ್ದೂ ಆಯಿತು; ಆದರೂ ಲೇಸರ್ ಪ್ರಿಂಟರ್ ‘ಪೇಪರ್ ಜಾಮ್’ ಎಂದೇ ಹಟ ಹಿಡಿದಿದೆ. ಇಂಥ ಹೊತ್ತಿನಲ್ಲಿ ನಮ್ಮ ಕಚೇರಿಯವರೆಲ್ಲ ನನ್ನ ಮೇಜಿನತ್ತ ನೋಡುತ್ತಾರೆ. ನಾನು ಮೊದಲು ಕೇಳುವುದು ಒಂದೇ: ಎಳೆದ ಹಾಳೆ ಎಲ್ಲಿ? ಅದನ್ನು ಮೇಜಿನ ಮೇಲೆ ಹರಡಿ ನಾಲ್ಕೂ ಮೂಲೆ ನೋಡಿ. ಒಂದು ಮೂಲೆ ಕಾಣೆಯಾಗಿದ್ದರೆ ಅದು ಒಳಗೇ ಇದೆ.

ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಅರ್ಧ ಗಂಟೆ ಬಿಡಿ. ಟೋನರ್ ಪುಡಿಯನ್ನು ಕರಗಿಸಿ ಹಾಳೆಗೆ ಅಂಟಿಸುವ ಫ್ಯೂಸರ್ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಅವಸರಪಟ್ಟರೆ ಬೆರಳು ಸುಡುತ್ತದೆ. ಕಾರ್ಟ್ರಿಜ್ ಹೊರತೆಗೆದು ಬಟ್ಟೆ ಮುಚ್ಚಿಡಿ, ಅದರಲ್ಲಿನ ಡ್ರಮ್‌ಗೆ, ಅಂದರೆ ಅಕ್ಷರ ಮೂಡಿಸುವ ಉರುಳೆಗೆ, ಬೆಳಕು ಆಗದು. ಮೊಬೈಲ್ ಟಾರ್ಚ್ ಹಿಡಿದು ಹಿಂಬದಿಯ ಬಾಗಿಲಿನಿಂದಲೂ ನೋಡಿ. ಚೂರು ಕಂಡರೆ ಕಾಗದ ಸಾಗುವ ದಿಕ್ಕಿಗೇ ನಿಧಾನವಾಗಿ ಎಳೆಯಿರಿ. ಚಾಕು, ಕತ್ತರಿ ಬೇಡವೇ ಬೇಡ.

ಚೂರೂ ಇಲ್ಲವೇ? ಹಾಗಾದರೆ ನನ್ನ ಅನುಮಾನ ಸೆನ್ಸರ್ ಮೇಲೆ. ಬಹಳಷ್ಟು ಮಾದರಿಗಳಲ್ಲಿ ಕಾಗದದ ದಾರಿಯಲ್ಲಿ ಚಿಕ್ಕ ಕಪ್ಪು ಪ್ಲಾಸ್ಟಿಕ್ ನಾಲಿಗೆಯೊಂದಿರುತ್ತದೆ. ಹಾಳೆ ಬಂದಾಗ ಬಾಗಿ, ಹೋದ ಮೇಲೆ ಎದ್ದು ನಿಲ್ಲುವುದು ಅದರ ಕೆಲಸ. ಬೆರಳ ತುದಿಯಿಂದ ಒತ್ತಿ ಬಿಡಿ, ಟಕ್ಕೆಂದು ಹಿಂದಿರುಗಬೇಕು. ಬಾಗಿಯೇ ಉಳಿದರೆ, ಒಳಗೆ ಕಾಗದವಿದೆ ಎಂದೇ ಯಂತ್ರ ನಂಬಿರುತ್ತದೆ. ಅದರ ಬುಡದಲ್ಲಿ ಸ್ಟೇಪ್ಲರ್ ಪಿನ್ನೋ ಧೂಳೋ ಕೂತಿರಬಹುದು, ತೆಗೆಯಿರಿ. ಸ್ಪ್ರಿಂಗ್ ಕಳಚಿದ್ದರೆ ಮೆಕ್ಯಾನಿಕ್‌ಗೇ ಬಿಡಿ.

ಮಳೆಗಾಲದಲ್ಲಿ ತೆರೆದಿಟ್ಟ ಕಾಗದದ ಕಟ್ಟು ತೇವ ಹೀರಿ ಹಾಳೆಗಳು ಅಂಟಿಕೊಳ್ಳುತ್ತವೆ. ಟ್ರೇಗೆ ಹೊಸ ಕಟ್ಟು ಹಾಕಿ, ಬಾಕಿ ಪ್ರಿಂಟ್‌ಗಳನ್ನು ಕಂಪ್ಯೂಟರ್‌ನಲ್ಲಿ ರದ್ದುಮಾಡಿ, ಒಂದೇ ಪುಟ ಕೊಟ್ಟು ನೋಡಿ. ಸಾಹೇಬರ ದಪ್ಪ ವರದಿ ಆಮೇಲೆ.